ಬೂಸ್ಟರ್ ಮನೆ

ಇವತ್ತು ಮಾಡಿದ್ದು ಇಷ್ಟು: ನಲ್ಲಿ ಬಂದಾಗ ಸಂಪು ತುಂಬಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹನೂರಿನ ಶಾಲೆಯಲ್ಲಿ ಗುಮಾಸ್ತರಾಗಿರುವ ನಮ್ಮ ಯಜಮಾನರಿಗೆ ಬಸ್ಸಿನ ಹೊತ್ತಿಗೆ ಚಿತ್ರಾನ್ನ ಕಟ್ಟಿಕೊಟ್ಟೆ. ಅತ್ತೆಯ ಮಂಡಿಗೆ ಎಣ್ಣೆ ಹಚ್ಚಿ ಬಿಸಿಲಿಗೆ ಕೂರಿಸಿದೆ. ದೋಸೆಗೆ ಅಕ್ಕಿ ನೆನೆಹಾಕಿದೆ. ನೆನ್ನೆ ಅರ್ಧಕ್ಕೆ ನಿಂತಿದ್ದ ನೀಲಿ ಸೀರೆಯ ಕುಚ್ಚು ಮುಗಿಸಿದೆ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದೆ. ತಮ್ಮನ ಹಾಗಿದ್ದವನೊಬ್ಬನ ಜೊತೆ ಮನಸ್ಸು ಮುರಿದುಕೊಂಡೆ.

ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಹಾಕುವುದು ನನ್ನ ಕೆಲಸ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಗೂ ಬರವಿಲ್ಲ, ಕುಚ್ಚು ಹಾಕುವವರಿಗೂ ಬರವಿಲ್ಲ. ಹಿಂದೆಲ್ಲ ಗಿರಾಕಿಗಳು ಮನೆಗೇ ಬಂದು, ಚಾಪೆಯ ಮೇಲೆ ಕೂತು, ಮಣಿ ಆರಿಸಿಕೊಟ್ಟು ಹೋಗುತ್ತಿದ್ದರು. ಈಗ ಯಾರಿಗೂ ಅಷ್ಟು ಬಿಡುವಿಲ್ಲ. ವಿಡಿಯೋ ಕಾಲಿನಲ್ಲೇ ದಾರದ ಬಣ್ಣ ನೋಡಿ, ಇದಲ್ಲ, ಅದರ ಪಕ್ಕದ್ದು ಅನ್ನುತ್ತಾರೆ. ನಮ್ಮ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ನಿಲ್ಲುವುದಿಲ್ಲ. ಮಹಡಿ ಹತ್ತಿದರೆ ಸಿಗುತ್ತದೆ, ಆದರೆ ಆ ಬಿಸಿಲಿನಲ್ಲಿ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಹಾಗಾಗಿ ಮನೆಗೆ ನೆಟ್ ಹಾಕಿಸಬೇಕೆಂದು ಬಹಳ ದಿನಗಳಿಂದ ಅನ್ನುತ್ತಲೇ ಇದ್ದೆ.

ಹಾಕಿಸಲು ಎರಡು ದಾರಿಯಿತ್ತು. ಒಂದು, ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ತೆರೆದಿರುವ ಹೊರಗಿನ ಕಂಪನಿ. ಇನ್ನೊಂದು, ನಮ್ಮ ಬೀದಿಗೆ ಕೇಬಲ್ ಕೊಡುವ ಮಧುವನಹಳ್ಳಿಯವನು. ಅವನು ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದ. ಬೀದಿಯ ಟೀವಿಗಳಿಗೆಲ್ಲ ಸಿಗ್ನಲ್ ಏರಿಸಿ ಕಳಿಸುವ ಬೂಸ್ಟರ್ ಡಬ್ಬಿ ಇದ್ದದ್ದು ನಮ್ಮ ಜಗಲಿಯ ಗೋಡೆಯಲ್ಲಿ. ಅದಕ್ಕೆ ಕರೆಂಟು ನಮ್ಮ ಮನೆಯದು. ಅವನು ರಿಪೇರಿಗೆ ಬಂದಾಗಲೆಲ್ಲ ಕಾಫಿ ಕೊಟ್ಟಿದ್ದೇನೆ. ಅವನ ಹೆಂಡತಿಯ ಸೀಮಂತದ ಸೀರೆಗೆ ಕುಚ್ಚು ಹಾಕಿದ್ದೂ ನಾನೇ.

ಕಂಪನಿಯ ಹುಡುಗರು ಮನೆಮನೆಗೂ ಬರತೊಡಗಿದಾಗ ಅವನು ಹೇಳಿದ್ದ: "ಅವ್ರ್ದ ತಕಬ್ಯಾಡಿ ಅಕ್ಕಾ. ಕಂಪ್ನಿಯೋರು ಇವತ್ತವ್ರೆ, ನಾಳಿಕ್ಕಿಲ್ಲ. ಕೆಟ್ಟೋದ್ರೆ ಯಾರ್ನ ಕೇಳೀರಿ? ನಾನೇ ನೆಟ್ ತತ್ತಾವ್ನಿ. ನಿಮ್ಮನೆಯಿಂದ್ಲೇ ಸುರು."

ಆ ಹುಡುಗರಿಗೆ ಕುಡಿಯಲು ನೀರು ಕೊಟ್ಟು, ನಮ್ಮೋನೇ ಹಾಕ್ಕೊಡ್ತಾನೆ ಕಣ್ರಪ್ಪಾ ಎಂದು ಕಳಿಸಿಬಿಟ್ಟೆ. ಆಮೇಲೆ ಕೇಳಿದಾಗಲೆಲ್ಲ ಅವನದು ಒಂದೊಂದು ಉತ್ತರ. ವೈರು ಬಂದಿಲ್ಲ. ಕಂಬಕ್ಕೆ ಪರ್ಮಿಷನ್ ಆಗಿಲ್ಲ. ಮಾರಿಹಬ್ಬ ಕಳೀಲಿ ತಡೀರಿ. ನಾನು ತಡೆದೆ.

ಇವತ್ತು ಬೆಳಗ್ಗೆ ಯಳಂದೂರಿನ ಗಿರಾಕಿ ಕಾಲ್ ಮಾಡಿದರು. ಮಗಳ ಮದುವೆಯ ಸೀರೆಗಳಷ್ಟನ್ನೂ, ಮುಹೂರ್ತದ ಸೀರೆಯಿಂದ ಹಿಡಿದು ಬೀಗಿತ್ತಿಯರಿಗೆ ಕೊಡುವ ಸೀರೆಯವರೆಗೆ, ನನಗೇ ಕೊಡುವ ಮಾತಿತ್ತು. ಆ ಕೆಲಸ ಕೈಗೆ ಬಂದರೆ ಆಷಾಢ ಕಳೆಯುವವರೆಗೂ ಯೋಚನೆಯಿರಲಿಲ್ಲ. ಬಿಳಿ ಪಂಚೆಯ ಮೇಲೆ ಮಾದರಿಗಳನ್ನು ಹರಡಿ ತೋರಿಸುತ್ತಿದ್ದೆ. ಚಿತ್ರ ನಿಂತುಹೋಯಿತು. ಕಿಟಕಿಯ ಹತ್ತಿರ ಹೋದೆ, ಅಲ್ಲೂ ನಿಂತಿತು.

"ನಿಮ್ ಕೈ ಒಂದೇ ಕಾಣ್ತದೆ ಕಣ್ರಿ, ಅದೂ ಅಳ್ಳಾಡದು ಕಾಣೆ" ಎಂದು ನಕ್ಕರು. ಮಧ್ಯಾಹ್ನ ಮಹಡಿ ಹತ್ತಿ ನಾನೇ ಕಾಲ್ ಮಾಡಿದಾಗ ಅವರ ಮಾತಿನಲ್ಲಿ ನಗುವಿರಲಿಲ್ಲ.

"ಬೇಜಾರ್ ಮಾಡ್ಕಬ್ಯಾಡಿ. ನಿಮ್ ಹಿಂದ್ಲ ಬೀದೀಲೇ ಒಬ್ರು ಕುಚ್ಚು ಹಾಕ್ತಾರಲ್ಲ, ಅವರ್ಗೇ ಕೊಟ್ಬುಟ್ಟೆ. ಅವ್ರ ಮನೇಲಿ ನೆಟ್ ಅದೆ. ಮಣಿ ಎಲ್ಲಾ ಎದ್ರುಗೇ ಮಡಗ್ದಂಗೆ ಕಂಡ್ವು. ನಮ್ಮುಡ್ಗಿ ಆಗ್ಲೇ ಒಪ್ಕಬುಟ್ಳು."

ಹಿಂದಿನ ಬೀದಿಗೆ ಬಂದ ನೆಟ್ ನಮ್ಮ ಬೀದಿಗೆ ಯಾಕೆ ಬರಲಿಲ್ಲ ಎಂದು ತಿಳಿಯಲಿಲ್ಲ. ಸೀರೆ ಬದಲಾಯಿಸಿಕೊಂಡು ಕಂಪನಿಯ ಅಂಗಡಿಗೆ ಹೋದೆ. ಅಲ್ಲಿ ಕೂತಿದ್ದ ಹುಡುಗಿ ಬೀದಿ ಯಾವುದು, ಮನೆ ಯಾವುದು ಎಂದು ಕೇಳಿದಳು. ಹೇಳಿದೆ.

"ಓ, ಬೂಸ್ಟರ್ ಮನೆನಾ? ಅಲ್ಲಿಗೆ ಲೈನ್ ಬಂದು ತಿಂಗ್ಳುಗಟ್ಲೆ ಆಯ್ತಲ್ಲ ಆಂಟಿ. ನಿಮ್ಗೆ ಬ್ಯಾಡ್ವಂತೆ ಅಂದ್ರಲ್ಲ ನಮ್ ಏಜೆಂಟು."

"ಯಾರವ್ವಾ ಏಜೆಂಟು?"

"ನಿಮ್ಗೆ ಕೇಬಲ್ ಕೊಡ್ತಾರಲ್ಲ, ಅವ್ರೇಯ. ಆ ಕಡೆ ಬೀದಿ ಎಲ್ಲಾ ಅವರ್ದೇ."

ನಾನು ಎರಡು ದಾರಿ ಅಂದುಕೊಂಡಿದ್ದೆ. ಎರಡರಲ್ಲೂ ಅವನೇ ನಿಂತಿದ್ದ. ಅವಳು ಏನೋ ಪ್ಲಾನಿನ ಕಾಗದ ಕೊಟ್ಟಳು. ಮಡಚಿ ಪರ್ಸಿಗೆ ಹಾಕಿಕೊಂಡು ನಡೆದೇ ಮನೆಗೆ ಬಂದೆ. ಆಟೋ ಕರೆಯುವುದೂ ಹೊಳೆಯಲಿಲ್ಲ.

ಫೋನು ಮಾಡಿದ ಮೇಲೆ ಸಂಜೆ ಅವನು ಬಂದ. ಎಂದಿನಂತೆ ಜಗಲಿಯಲ್ಲಿ ಕೂತು, ಒಂದೆರಡು ಸಲ ಅಡುಗೆಮನೆಯ ಕಡೆ ನೋಡಿದ. ನಾನು ಕಾಫಿಗೆ ಇಟ್ಟಿರಲಿಲ್ಲ.

"ಕಂಪ್ನಿ ಏಜೆಂಟು ನೀನೇಯಂತೆ."

"ಊಂ ಕಣಕ್ಕಾ. ಒಟ್ಟೆಪಾಡು. ಕೇಬಲ್ ಒಂದ್ನೇ ನಂಬ್ಕಂಡ್ ಕೂತ್ರೆ ಆಯ್ತದಾ?"

"ಅದ್ಕಲ್ಲ ನಾ ಕೇಳ್ತಿರದು. ನಂಗ್ ಬ್ಯಾಡ ಅಂತ ನೀನ್ಯಾಕ್ ಹೇಳ್ದೆ?"

ಅವನು ಕೈಯಲ್ಲಿದ್ದ ಕಟಿಂಗ್ ಪ್ಲೇಯರನ್ನು ತೆರೆದು ಮುಚ್ಚಿ ಮಾಡಿದ. "ನೆಟ್ ಕೊಟ್ರೆ ನೀವು ಅದ್ರಲ್ಲೇ ಟೀವಿ ನೋಡ್ತೀರಿ, ಕೇಬಲ್ ಬುಡ್ತೀರಿ. ಆಮೇಲೆ ಈ ಡಬ್ಬಿ ಯಾಕೆ ನಮ್ ಗ್ವಾಡೇಲಿ ಅಂತೀರಿ. ಇದ ಬ್ಯಾರೆ ಕಡೆ ಹಾಕಕ್ಕೇ ಆಗಕಿಲ್ಲ ಅಕ್ಕಾ, ಬೀದಿಗೆಲ್ಲಾ ಟೀವಿ ನಿಂತೋಯ್ತದೆ. ನೀವಾದ್ರೆ ತಡ್ಕತೀರಿ ಅಂತ."

"ತಡ್ಕತೀನಿ ಅಂತ ಯಾರಂದ್ರು?"

"ಯಾವತ್ತೂ ತಡ್ಕಂಡೇ ಬಂದಿದ್ದೀರಲ್ಲ."

ಯಳಂದೂರಿನ ಮದುವೆ ಸೀರೆಗಳು ಕೈತಪ್ಪಿದ್ದನ್ನು ಹೇಳಿದೆ. "ಇನ್ನೊಂದ್ ಮದ್ವೆ ಬತ್ತದೆ ಬುಡಿ" ಅಂದ. ಅಲ್ಲಿಯವರೆಗೂ ನನಗೆ ಅಳು ಬರುವ ಹಾಗಿತ್ತು. ಆ ಮಾತಿಗೆ ಅದು ನಿಂತುಹೋಯಿತು.

"ಡಬ್ಬಿ ಬಿಚ್ಕೊ. ನಮ್ಮನೆ ಕೇಬಲ್ ಎಳೇನೂ ಕತ್ತರ್ಸು."

ತಮಾಷೆ ಎಂದುಕೊಂಡು ಕೂತೇ ಇದ್ದ. ನಾನೇ ಸ್ವಿಚ್ ಆರಿಸಿದೆ. ಒಳಗೆ ಧಾರಾವಾಹಿ ನೋಡುತ್ತಿದ್ದ ಅತ್ತೆಯ ದನಿ ಬಂತು: "ಲೇ, ಅವ್ಳು ಸೊಸೆನ ಆಚಿಗ್ ದಬ್ತಾವ್ಳೆ, ಈಗೇನ್ಲಾ ನಿನ್ ರಿಪೇರಿ? ದಬ್ಬಾದ್ ಮ್ಯಾಲೆ ಮಾಡು."

ಅವನು ಎದ್ದು ಡಬ್ಬಿ ಬಿಚ್ಚಿ, ನಮ್ಮ ಮನೆಯ ಎಳೆ ಕತ್ತರಿಸಿದ. ನಾನು ಹಾಲು ಕಾಯಿಸಿ ಹೆಪ್ಪು ಹಾಕಿ ಹೊರಗೆ ಬರುವಷ್ಟರಲ್ಲಿ ಅದು ಎದುರುಮನೆಯ ಗೋಡೆಯಲ್ಲಿತ್ತು. ಬೀದಿಯ ಟೀವಿಗಳೆಲ್ಲ ಮಾತಾಡುತ್ತಿದ್ದವು. ಆಗುವುದೇ ಇಲ್ಲ ಎಂದಿದ್ದ ಕೆಲಸ. ಇದಕ್ಕಾಗಿ ಇಷ್ಟು ದಿನ ನನ್ನನ್ನು ಕಾಯಿಸಿದ್ದ.

ಬೈಕು ಹತ್ತುವಾಗ ಕೂಗಿ ಹೇಳಿದ: "ನಾಳಿಕ್ ಬಂದು ನೆಟ್ ಹಾಕ್ಕೊಡ್ತೀನಿ ಅಕ್ಕಾ."

"ಹಾಕು. ಈ ಬೀದಿಗೆ ಇನ್ಯಾರವ್ರೆ ಹಾಕಕ್ಕೆ? ಅಕ್ಕ ಅನ್ಬ್ಯಾಡ ಮಾತ್ರ, ಮೇಡಂ ಅನ್ನು."

ಅವನು ನಕ್ಕು ಹೊರಟ. ನಾನು ತಮಾಷೆಗೆ ಹೇಳಿರಲಿಲ್ಲ.

ಯಜಮಾನರು ಹನೂರಿನಿಂದ ಬಂದು ಎಲ್ಲ ಕೇಳಿ, "ಬುಡು ಅತ್ಲಾಗೆ" ಎಂದರು. ರಾತ್ರಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಅದೇ ಕಾಳಿನ ಪಲ್ಯ. ನನಗೆ ಅರ್ಧ ಮುದ್ದೆಯೂ ಸೇರಲಿಲ್ಲ. ಅತ್ತೆ ಖಾಲಿ ಟೀವಿಯ ಎದುರಿಗೆ ಸ್ವಲ್ಪ ಹೊತ್ತು ಕೂತಿದ್ದು, ಎಲ್ಲರಿಗಿಂತ ಮೊದಲು ಹೋಗಿ ಮಲಗಿದರು.