ಓಣಿಯಲ್ಲಿ ನಾನು ತೆಗೆಯದ ಫೋಟೋ

ಲಾಕ್‌ಡೌನ್ ಬಂದಾಗ ಬೈಲಹೊಂಗಲದ ನನ್ನ ಸ್ಟುಡಿಯೋದ ಶಟರ್ ಮದುವೆಯ ಸೀಜನ್ನಿನಲ್ಲೇ ಇಳಿಯಿತು. ಕ್ಯಾಮೆರಾ ಒರೆಸುವುದು, ಮತ್ತೆ ಚೀಲಕ್ಕೆ ಹಾಕುವುದು, ದಿನವೆಲ್ಲ ಇದೇ ಕೆಲಸ. ಒಂದು ಮುಂಜಾನೆ ಎದುರು ಮನೆಯ ಗಂಡ ಹೆಂಡತಿ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ರಸ್ತೆಯ ಈಚೆಯಿಂದಲೇ ಅವರ ಫೋಟೋ ತೆಗೆದು ಓಣಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಆಮೇಲೆ ಉಳಿದವರೂ ಕರೆಯತೊಡಗಿದರು.

ಹೀಗೆ ದಿನಕ್ಕೊಂದು ಮನೆ. ಅವರು ಹೊಸ್ತಿಲಲ್ಲಿ, ನಾನು ದೂರದಲ್ಲಿ. ಪೌರೋಹಿತ್ಯ ಬಿಟ್ಟು ವಿಮೆ ಏಜೆಂಟರಾಗಿದ್ದ ಒಬ್ಬರು ಅವತ್ತು ಮಾತ್ರ ಮಡಿ ಉಟ್ಟು, ತಂದೆಯ ಹಳೆಯ ಪಂಚಾಂಗ ಹಿಡಿದು ನಿಂತರು. ಯಾವ ಫೋಟೋದಲ್ಲೂ ಯಾರೂ ನಗಲಿಲ್ಲ. ನಗಿರಿ ಎಂದು ನಾನೂ ಹೇಳಲಿಲ್ಲ.

ಓಣಿಯ ಕೊನೆಯ ಮನೆ ಒಬ್ಬ ಲಾರಿ ಡ್ರೈವರನದು. ಜೊತೆಗೆ ಅವನ ತಾಯಿ ಮತ್ತು ಹೆಂಡತಿ. ಉಳ್ಳಾಗಡ್ಡಿ ಹೇರಿಕೊಂಡು ಪುಣೆಗೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ. ಹೇಗೋ ಕಿತ್ತೂರಿನವರೆಗೆ ಬಂದು, ಅಲ್ಲಿಂದ ಹೊಲದ ದಾರಿ ಹಿಡಿದು ನಡೆದು ಮನೆ ಸೇರಿದ. ಮರುದಿನವೇ ಪುರಸಭೆಯವರು ಬಾಗಿಲಿಗೆ ಅಡ್ಡ ಬಿದಿರ ಗಳ ಕಟ್ಟಿ ಕ್ವಾರಂಟೈನ್ ಚೀಟಿ ಅಂಟಿಸಿದರು. ಹದಿನಾಲ್ಕು ದಿನ ಮೂವರೂ ಹೊರಗೆ ಬರುವಂತಿರಲಿಲ್ಲ.

ಅವನ ತಾಯಿ ನನ್ನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲವಳು. ಸಿರಸಂಗಿಯ ತವರಿನಿಂದ ಬಂದಾಗಲೆಲ್ಲ ಓಣಿಯ ಮಕ್ಕಳಿಗೆ ಹುರಿದ ಶೇಂಗಾ ಹಂಚುತ್ತಿದ್ದಳು. ನಾನು ಕ್ಯಾಮೆರಾ ಹಿಡಿದು ಓಡಾಡುವುದನ್ನು ಕಿಟಕಿಯಿಂದ ನೋಡಿ ಕೂಗಿದಳು: “ತಮ್ಮಾ, ನಮ್ಮ ಮನಿ ಪಾಳಿ ಯಾವಾಗ?”

“ನಾಳೆ ಬರತೇನಿ ಆಯಿ,” ಎಂದೆ.

ಹೋಗಬೇಕೆಂದೇ ಇತ್ತು. ಆ ಸಂಜೆ ಮೂಲೆಮನೆಯ ಹತ್ತಿ ವ್ಯಾಪಾರಿ ಫೋನ್ ಮಾಡಿದರು. ಓಣಿಯಲ್ಲಿ ಅವರ ಮಾತು ನಡೆಯುತ್ತಿತ್ತು.

“ಆ ಮನಿ ಬಿಟ್ಟಬಿಡಪಾ. ಮಂದಿ ಅಂಜಾಕ ಹತ್ತ್ಯಾರ.”

“ದೂರ ನಿಂತ ತೆಗೀತೇನ್ರಿ ಕಾಕಾ.”

“ನಿನ್ನ ಮನ್ಯಾಗ ಸಣ್ಣ ಕೂಸು ಐತಿ. ಅದನ್ನ ನೋಡಕೋ.”

ನಾನು ಬಿಟ್ಟುಬಿಟ್ಟೆ. ಮುದುಕಿ ಮತ್ತೆರಡು ದಿನ ಕೇಳಿದಳು, ಎರಡು ದಿನವೂ ನಾಳೆ ಎಂದೆ. ಆಮೇಲೆ ಅವಳು ಕೇಳಲಿಲ್ಲ. ಮಗನ ಕೊರೊನಾ ವರದಿಯಲ್ಲಿ ಏನೂ ಇರಲಿಲ್ಲ, ಗಳ ಬಿಚ್ಚಿದರು. ಆ ಹೊತ್ತಿಗೆ ನನ್ನ ಹುಮ್ಮಸ್ಸೂ ಇಳಿದಿತ್ತು. ಫೋಟೋಗಳನ್ನೆಲ್ಲ ಸೇರಿಸಿ ವಿಡಿಯೋ ಮಾಡಿ ಗುಂಪಿಗೆ ಕಳಿಸಿದೆ. ಓಣಿ ಪೂರಾ ಬಂತು ಎಂದು ಯಾರೋ ಬರೆದರು. ಒಂದು ಮನೆ ಬಂದಿಲ್ಲ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮರುವರ್ಷದ ಎರಡನೇ ಅಲೆಯಲ್ಲಿ ಆಂಬುಲೆನ್ಸ್ ಸಿಗದೆ ಜನ ಒದ್ದಾಡುವಾಗ, ಆ ಡ್ರೈವರನೇ ಯಾರದೋ ಟೆಂಪೊ ತಂದು ಓಣಿಯ ಮೂವರನ್ನು ಬೆಳಗಾವಿಗೆ ಸಾಗಿಸಿದ. ಹತ್ತಿ ವ್ಯಾಪಾರಿ ಅವರಲ್ಲಿ ಒಬ್ಬರು. ಅವರು ಬದುಕಿ ಬಂದರು. ಅದೇ ವಾರ ಮುದುಕಿಗೆ ಜ್ವರ ಬಂತು. ಎಲ್ಲಿಂದ ಬಂತೋ ಯಾರಿಗೆ ಗೊತ್ತು. ಐದನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಸುತ್ತಿ ಕಟ್ಟಿದ ಹೆಣ ಕೊಟ್ಟರು. ಮಗನಿಗೆ ಮುಖ ಕಾಣಲಿಲ್ಲ.

ಅವನು ಸ್ಟುಡಿಯೋಕ್ಕೆ ಬಂದು ಅವಳ ಆಧಾರ್ ಕಾರ್ಡ್ ಮೇಜಿನ ಮೇಲಿಟ್ಟ. “ಇದನ್ನ ದೊಡ್ಡದ ಮಾಡಿ ಕೊಡ್ರಿ. ಬ್ಯಾರೆ ಫೋಟೋ ಇಲ್ಲ.”

ದೊಡ್ಡದು ಮಾಡಿದಷ್ಟೂ ಮುಖ ಚುಕ್ಕೆ ಚುಕ್ಕೆಯಾಗಿ ಒಡೆಯಿತು. ಎರಡು ದಿನ ಕಂಪ್ಯೂಟರಿನಲ್ಲಿ ಕಣ್ಣು, ಗಲ್ಲ ತಿದ್ದಿದೆ. ಕೊನೆಗೆ ಯಾರೋ ಒಬ್ಬ ಮುದುಕಿ ಆದಳು, ಅವಳಲ್ಲ.

ಒಯ್ಯಲು ಬಂದವನು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ. “ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ್ರಿ. ನೀವು ನಾಳೆ ಬರತೇನಿ ಅಂದಿದ್ರಿ. ಅವ್ವ ಇಳಕಲ್ ಸೀರಿ ಉಟಕೊಂಡ ಮೂರ ದಿವಸ ಕಿಡಕಿ ಹಂತ್ಯಾಕ ಕುಂತಳು. ನೀವು ಬಂದ ಹೊಳ್ಳಿ ಹೋದೀರಿ ಅಂತ ಊಟಕ್ಕೂ ಏಳಲಿಲ್ಲ.”

ಹತ್ತಿ ವ್ಯಾಪಾರಿಯ ಹೆಸರು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಬೇಡವೆಂದವರು ಅವರು, ಹೋಗದವನು ನಾನು.

“ನಂದ ತಪ್ಪಾತು,” ಎಂದೆ.

ಅವನು ಫೋಟೋವನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದ.

ತಿಂಗಳಾದ ಮೇಲೆ ಕ್ಯಾಮೆರಾ ಹಿಡಿದು ಅವರ ಮನೆಗೆ ಹೋದೆ. ಅವನ ಹೆಂಡತಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ನಿಮ್ಮಿಬ್ಬರದೊಂದು ತೆಗೆದುಕೊಡುತ್ತೇನೆ ಎಂದೆ.

“ಈಗ್ಯಾಕ್ರಿ,” ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ನಾನು ಕ್ಯಾಮೆರಾವನ್ನು ಮತ್ತೆ ಚೀಲಕ್ಕೆ ಹಾಕಿ ಹಿಂದಿರುಗಿದೆ.