ಬದುವಿನ ಲಾವಂಚ

ಬೈರಿದೇವರಕೊಪ್ಪದ ಸಂಗವ್ವ ಯಾರಿಗೂ ಶಾಪ ಹಾಕಿದವಳಲ್ಲ. ಶಾಪ ಹಾಕುವವರಿಗೆ ಕಾಯುವ ತಾಳ್ಮೆ ಇರುವುದಿಲ್ಲವೆಂದು ಅವಳ ಎಣಿಕೆ. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಒಂದು ಎರೆಹೊಲ. ಪಕ್ಕದ ಹೊಲ ಗಂಡನ ಅಣ್ಣ ಮಡಿವಾಳಪ್ಪನದು. ನಡುವೆ ಒಂದು ಬದು, ಬದುವಿನ ತುದಿಗೆ ಗಡಿಯ ಕಲ್ಲು.

ಮಡಿವಾಳಪ್ಪ ಪ್ರತಿ ವರ್ಷ ರಂಟೆ ಹೊಡೆದು ಹೊಲ ಉಳುವಾಗ ಬದುವನ್ನು ಒಂದಿಷ್ಟು ಕೆರೆದು ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ೧೯೫೭ರ ಮಳೆಗಾಲದಲ್ಲಿ ಸಂಗವ್ವ ತವರೂರು ಕೆಲಗೇರಿಗೆ ಹೋಗಿ, ಕೆರೆಯಂಚಿನ ಲಾವಂಚದ ಬುಡಗಳನ್ನು ಕಿತ್ತು ತಂದಳು. ಒಂದೊಂದೇ ಮರಿ ಬಿಡಿಸಿ ಬದುವಿನ ಉದ್ದಕ್ಕೂ ಹಚ್ಚಿದಳು.

ಮಡಿವಾಳಪ್ಪ ಎತ್ತು ನಿಲ್ಲಿಸಿ ನಕ್ಕ. "ಊರ ಮಂದಿ ಎಲ್ಲಾ ಹುಲ್ಲು ಕೀಳ್ತಾರ, ನಮ್ಮ ಸಂಗವ್ವ ಹುಲ್ಲು ಹಚ್ತಾಳ."

"ಕೀಳೂದು ನಿಮಗ ಛಲೋ ಬರ್ತದ ಬಿಡ್ರಿ ಭಾವಾರ," ಎಂದಳು ಸಂಗವ್ವ, ತಲೆ ಎತ್ತದೆ.

ಲಾವಂಚ ಕರಿಕೆಯಂತೆ ಹರಿದಾಡುವ ಹುಲ್ಲಲ್ಲ. ಹಚ್ಚಿದಲ್ಲಿಯೇ ಪೊದೆಯಾಗಿ ನಿಲ್ಲುತ್ತದೆ. ಬೇರು ಪಕ್ಕಕ್ಕೆ ಹೋಗದೆ ನೆಟ್ಟಗೆ ಕೆಳಗೆ, ಆಳೆತ್ತರಕ್ಕಿಂತ ಆಳಕ್ಕೆ ಇಳಿಯುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪೊದೆಗೆ ಪೊದೆ ಕೂಡಿ ಬದು ಗೋಡೆಯಾಯಿತು. ಎಳೆಯ ಗರಿ ಎಮ್ಮೆಗೆ, ಬಲಿತ ಗರಿ ದನದ ಕೊಟ್ಟಿಗೆಯ ಹೊದಿಕೆಗೆ. ಬೇಸಿಗೆಯಲ್ಲಿ ಅಂಚಿನ ಒಂದೆರಡು ಬುಡ ಅಗೆದು, ಬೇರು ತೊಳೆದು ಕಟ್ಟು ಕಟ್ಟಿದರೆ ಹುಬ್ಬಳ್ಳಿಯ ಪೇಟೆಯಲ್ಲಿ ಕೊಳ್ಳುವವರಿದ್ದರು. ಕುಡಿಯುವ ನೀರಿನ ಕೊಡದಲ್ಲಿ, ರೇಷ್ಮೆ ಸೀರೆಯ ಟ್ರಂಕಿನಲ್ಲಿ ಅದರ ವಾಸನೆ ಇರಬೇಕು. ಮಡಿವಾಳಪ್ಪನ ರಂಟೆ ಮಾತ್ರ ಆ ಪೊದೆಗಳಿಗೆ ತಗುಲಿ ಎರಡು ಸಲ ಮುರಿಯಿತು.

೧೯೬೧ರ ಬೇಸಿಗೆಯಲ್ಲಿ ಸಂಗವ್ವನ ತಾಯಿ ಹಾಸಿಗೆ ಹಿಡಿದಳು. ಸಂಗವ್ವ ಕೆಲಗೇರಿಯಲ್ಲಿ ತಾಯಿಯ ಮಣ್ಣು ಮುಗಿಸಿ ಬರುವಷ್ಟರಲ್ಲಿ ಬದು ಇರಲಿಲ್ಲ. ಮಡಿವಾಳಪ್ಪ ಹುಲ್ಲಿಗೆ ಬೆಂಕಿ ಹಚ್ಚಿ, ಮೇಲೆ ಮಣ್ಣೆಳೆದು ಸಮ ಮಾಡಿ, ಕಲ್ಲನ್ನು ಅವಳ ಹೊಲದೊಳಕ್ಕೆ ತಂದು ಹೊಸ ಬದು ಹಾಕಿದ್ದ. ಬೇರು ಸಮೇತ ಹುಲ್ಲು ಕೀಳಿಸಲು ಎಲ್ಲರೂ ಆಳು ಹಚ್ಚುತ್ತಾರೆ. ಅವನು ಹಚ್ಚಲಿಲ್ಲ; ಅಗೆಯುವ ಆಳು ನಾಳೆ ಸಾಕ್ಷಿ ಹೇಳುತ್ತಾನೆ. ಸುಟ್ಟರೆ ಸತ್ತಿತೆಂದು ತಿಳಿದ.

ಸಂಗವ್ವ ಹಳೆಯ ಸಾಲಿನಲ್ಲಿ ಕುಳಿತು ಮಣ್ಣು ಕೆದರಿದಳು. ಬುಡ ಕೈಗೆ ಹತ್ತಿತು. ಹೊರಗೆ ಕರಿ, ಉಗುರಿನಿಂದ ಗೀರಿದಾಗ ಒಳಗೆ ಹಸಿ. ಮಣ್ಣು ಮುಚ್ಚಿ, ಕೈ ಮೂಸಿ ನೋಡಿ, ಮನೆಗೆ ಬಂದಳು.

ಊರ ಮಠದ ಶಾಂತಯ್ಯನವರು ಹೇಳಿದರು: "ಧಾರವಾಡಕ್ಕ ಅರ್ಜಿ ಕೊಡವಾ. ಅಳತಿ ಮಾಡಾವ್ರು ಬರ್ತಾರ."

"ಬ್ಯಾಡ್ರಿ ಅಜ್ಜಾರ. ಭಾವಾರು ಮಣ್ಣು ಹೊತ್ತು ನಡೀಲಿ. ಅವರು ನಡದದ್ದ ಗಡಿ ಆಗ್ಲಿ."

ಗಡಿಯ ತಂಟೆಗೆ ಆ ಊರಿನಲ್ಲಿ ಅದೇ ಕೊನೆಯ ಮಾತು. ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಬಟ್ಟೆಯಲ್ಲಿ, ವಿಭೂತಿ ಧರಿಸಿ, ಹೊಲದ ಮಣ್ಣಿನ ಹೆಂಟೆಯನ್ನು ಬುಟ್ಟಿಯಲ್ಲಿ ಹೊತ್ತು, ಊರ ಮುಂದೆ ಗಡಿಯುದ್ದಕ್ಕೂ ನಡೆಯಬೇಕು. ಸುಳ್ಳು ನಡೆದವನ ಪಂಕ್ತಿಯಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ. ಅವನ ಮಾತಿಗೆ ಬೆಲೆಯಿಲ್ಲ. ಮಡಿವಾಳಪ್ಪ ಹೊಸ ಬದುವಿನ ಗುಂಟ ನಡೆದ.

"ಸಾವಕಾಶ ನಡೀರಿ ಭಾವಾರ," ಎಂದಳು ಸಂಗವ್ವ. "ಎಲ್ಲಾರೂ ನೋಡ್ಲಿ."

ಊರವರು ಅವಳಿಗೆ ಬುದ್ಧಿ ಕೆಟ್ಟಿತೆಂದುಕೊಂಡರು. ಮಡಿವಾಳಪ್ಪ ಗೆದ್ದ ನೆಲಕ್ಕೆ ಶೇಂಗಾ ಬಿತ್ತಿದ. ಮೃಗಶಿರ ಮಳೆ ಹದವಾಗಿ ಹೊಯ್ಯಿತು. ಶೇಂಗಾದ ನಡುವೆ, ಹಳೆಯ ಬದು ಇದ್ದಲ್ಲಿ, ದಾರ ಹಿಡಿದು ಎಳೆದ ಹಾಗೆ ಒಂದು ಹಸಿರು ಗೆರೆ ಎದ್ದಿತು. ಅವನು ನಸುಕಿನಲ್ಲಿ ಗುದ್ದಲಿ ಹಿಡಿದು ಹೋದ. ಅರ್ಧ ಸಾಲು ಕೀಳುವಷ್ಟರಲ್ಲಿ ಬೆಳಗಾಯಿತು. ಸಂಗವ್ವ ಶಾಂತಯ್ಯನವರನ್ನೂ ಹಿರಿಯರನ್ನೂ ಕರೆದುಕೊಂಡು ಬಂದು ನಿಂತಿದ್ದಳು.

ಶಾಂತಯ್ಯನವರು ಅವನ ಅಂಗೈ ಹಿಡಿದು ತಮ್ಮ ಮೂಗಿನ ಹತ್ತಿರ ತಂದರು. "ಶೇಂಗಾ ಬಿತ್ತಿದ್ರ ಲಾವಂಚ ಹೆಂಗ ಹುಟ್ಟಿತೋ, ಮಡಿವಾಳಪ್ಪ?"

ಅವನು ಗುದ್ದಲಿ ಕೆಳಗಿಟ್ಟು ಎಲ್ಲರ ಎದುರಿಗೆ ಕಲ್ಲನ್ನು ತಾನೇ ಹೊತ್ತು ಹಳೆಯ ಜಾಗದಲ್ಲಿ ನೆಟ್ಟ. ಮುಂದೆ ಪ್ರತಿ ಮದುವೆಯ ಊಟದಲ್ಲಿಯೂ ಅವನ ಎಡಬಲದ ಎಲೆಗಳು ಖಾಲಿ ಉಳಿದವು. ಕೊನೆಗೆ ಅವನು ಹಬ್ಬಕ್ಕೂ ಹೊಸ್ತಿಲು ದಾಟುವುದನ್ನು ಬಿಟ್ಟ.

ಅವನ ಹೆಂಡತಿ ರತ್ನವ್ವ ಬಾವಿಯ ಹತ್ತಿರ ಸಂಗವ್ವನನ್ನು ತಡೆದು ಕೇಳಿದಳು: "ಬೇರು ಜೀವಂತ ಅದಾವು ಅಂತ ನಿನಗ ಗೊತ್ತಿತ್ತು. ಮಣ್ಣು ಹೊರೂಕಿಂತ ಮೊದಲ ಯಾಕ ಹೇಳಲಿಲ್ಲ ತಂಗಿ?"

"ಹೇಳಿದ್ರ ಬರೇ ಹೊಲ ಅಷ್ಟ ತಿರುಗಿ ಬರ್ತಿತ್ತಕ್ಕಾ," ಎಂದು ಸಂಗವ್ವ ಕೊಡ ಎತ್ತಿಕೊಂಡಳು.

೧೯೬೮ರ ಬಿಸಿಲಿಗೆ ಮಡಿವಾಳಪ್ಪನಿಗೆ ಬಿಡದ ಜ್ವರ ಹಿಡಿಯಿತು. ಮೈಯುರಿಗೆ ಲಾವಂಚದ ನೀರು ಕುಡಿಸಲು ವೈದ್ಯರು ಹೇಳಿದ್ದರು. ರತ್ನವ್ವ ಸಂಗವ್ವನ ಬಾಗಿಲಲ್ಲಿ ಬಂದು ನಿಂತಳು. ಸಂಗವ್ವ ಕೂಡಲೇ ಹೊಲಕ್ಕೆ ಹೋಗಿ ಒಂದು ಬುಡ ಅಗೆದು, ಬೇರನ್ನು ಮಣ್ಣು ಹೋಗುವವರೆಗೆ ತೊಳೆದು ಕೊಟ್ಟಳು.

"ಯಾವ ಬದುವಿಂದು ಅಂತ ಹೇಳಿ ಕುಡಸು. ಹೇಳದ ಕುಡಸಬ್ಯಾಡ."

ಮರುದಿನ ರತ್ನವ್ವ ಮತ್ತೆ ಬಂದಳು.

"ಹೇಳಿದ್ಯಾ?"

"ಹೇಳಿದ್ನಿ."

"ಕುಡುದ್ರಾ?"

"ಗ್ವಾಡಿ ಕಡೆ ಮಾರಿ ಮಾಡಿ ಕುಡುದ್ರು."

ಸಂಗವ್ವ ಗುದ್ದಲಿ ತೆಗೆದುಕೊಂಡಳು. "ನಿಂದರು. ಇವತ್ತಿಂದು ಅಗದು ಕೊಡ್ತೇನಿ."