ಗುಡಾಣ ಸ್ಟಾಪು

ಅವಳು ಮಾಡುವ ಕೆಲಸಕ್ಕೆ ಏನೆನ್ನಬೇಕೆಂದು ಮನೆಯವರಿಗೆ ಕೊನೆಗೂ ತಿಳಿಯಲಿಲ್ಲ. ಒಂದು ವರ್ಷ ಕ್ಯಾಮೆರಾ ಹಿಡಿದು ಬೀದಿ ಬೀದಿ ಅಲೆದು ಹಳೇ ಮನೆಗಳ ಬಾಗಿಲುಗಳನ್ನಷ್ಟೇ ತೆಗೆದಳು. ಇನ್ನೊಂದು ವರ್ಷ ಕತ್ತಲೆ ಕೋಣೆಯ ಗೋಡೆಯ ಮೇಲೆ ಹರಿಯುವ ನೀರಿನ ಚಿತ್ರ ಬಿಟ್ಟು, ಜೊತೆಗೆ ಮುದುಕರ ಕೆಮ್ಮು ಕೇಳಿಸಿದಳು. ಆಮೇಲೆ ಕಬ್ಬಿಣ, ಜೇಡಿಮಣ್ಣು, ಸ್ಪೀಕರು, ವೈರು ಎಲ್ಲ ಒಟ್ಟಿಗೇ ಮನೆಗೆ ಬಂದವು. “ಸಿನಿಮಾದವಳು ಅನ್ನೋಣ ಅಂದ್ರೆ ಗೊಂಬೆ ಮಾಡ್ತಾಳೆ. ಗೊಂಬೆಯವಳು ಅನ್ನೋಣ ಅಂದ್ರೆ ಆ ಗೊಂಬೆ ಕೆಮ್ಮುತ್ತೆ. ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?” ಎಂದು ಚಿಕ್ಕಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅಪ್ಪನಿಗೆ ಮಾತ್ರ, ಇದ್ದಷ್ಟು ದಿನ, ಈ ಕಷ್ಟವಿರಲಿಲ್ಲ. ಮಗಳು ಅಂಬೆಗಾಲಿಡುವ ಕಾಲದಿಂದಲೇ ಗೋಡೆ, ನೆಲ, ಅಪ್ಪನ ಅಂಗೈ ಯಾವುದನ್ನೂ ಬಿಡದೆ ಗೀಚುತ್ತಿದ್ದಳಾದ್ದರಿಂದ ಅವಳಿಗೆ ಗೀಚಿ ಎಂದು ಹೆಸರಿಟ್ಟಿದ್ದ. ಕೇಳಿದವರಿಗೆಲ್ಲ “ನಮ್ಮ ಗೀಚಿ ಗೀಚ್ತಾಳೆ” ಎಂದು ಹೇಳಿ ಮುಗಿಸಿಬಿಡುತ್ತಿದ್ದ.

ಅಪ್ಪ ಗಡಿಯಾರ ರಿಪೇರಿ ಮಾಡುವವನು. ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿ. ಅಪ್ಪನ ಮೈಯೋ, ಎರಡಾಳಿನ ಮೈ. ಬೆಳಿಗ್ಗೆ ಅಡ್ಡಡ್ಡ ತಿರುಗಿ, ಉಸಿರು ಬಿಗಿ ಹಿಡಿದು ಒಳಗೆ ಹೋದರೆ ಸಂಜೆಯೇ ಹೊರಗೆ ಬರುವುದು. ಅಷ್ಟು ದೊಡ್ಡ ದೇಹ ಅಷ್ಟು ಸಣ್ಣ ಸ್ಟೂಲಿನ ಮೇಲೆ ಹೇಗೆ ನಿಲ್ಲುತ್ತದೆಂಬುದೇ ಮಾರುಕಟ್ಟೆಯವರಿಗೆ ದಿನದ ತಮಾಷೆ. ಕಣ್ಣಿಗೆ ಕರಿ ಭೂತಗನ್ನಡಿ ಸಿಕ್ಕಿಸಿಕೊಂಡು, ಕತ್ತು ಬಾಗಿಸಿ, ಎಳ್ಳಿನಷ್ಟು ಸಣ್ಣ ಸ್ಕ್ರೂವನ್ನು ಚಿಮಟದಿಂದ ಎತ್ತುತ್ತಿದ್ದ. ಕಾಳು ತುಂಬುವ ದಪ್ಪ ಮಡಕೆಯಂತಿದ್ದಾನೆಂದು ಎಲ್ಲರೂ ಅವನನ್ನು ಗುಡಾಣ ಎನ್ನುತ್ತಿದ್ದರು. ಶಾಲೆ ಬಿಟ್ಟ ಮಕ್ಕಳು ಅಂಗಡಿಯೆದುರು ನಿಂತು “ಗುಡಾಣ, ಗುಡಾಣ, ಹೊಟ್ಟೇಲೇನಿದೆ?” ಎಂದು ಕೂಗಿದರೆ, ಅಪ್ಪ ಹೊಟ್ಟೆಯ ಮೇಲೆ ಢಬಢಬ ಬಾರಿಸಿಕೊಂಡು “ಇನ್ನೂ ಜಾಗ ಇದೆ, ಬರ್ತೀರೇನ್ರೋ?” ಎನ್ನುತ್ತಿದ್ದ. ಮಕ್ಕಳು ಕಿರುಚಿಕೊಂಡು ಓಡುತ್ತಿದ್ದವು. ಅಂಗಡಿಯ ಮೂಲೆಯಲ್ಲಿ ಕೂತು ಗೀಚುತ್ತಿದ್ದ ಮಗಳಿಗೆ, ಲೋಕದಲ್ಲಿ ತನ್ನಪ್ಪನಷ್ಟು ಖುಷಿಯ ಮನುಷ್ಯ ಇನ್ನೊಬ್ಬನಿಲ್ಲ ಅನ್ನಿಸುತ್ತಿತ್ತು.

ಅವನು ತೀರಿಕೊಂಡದ್ದೂ ಅಂಗಡಿಯಲ್ಲೇ, ಕೆಲಸದ ಮೇಜಿನ ಮೇಲೆ ತಲೆಯಿಟ್ಟುಕೊಂಡು. ಹೊರಗೆ ತರಲು ಬಾಗಿಲ ಚೌಕಟ್ಟನ್ನೇ ಕೀಳಬೇಕಾಯಿತು. ಅದನ್ನು ನೋಡಿಯೂ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗೀಚಿ ಆಗ ಬೇರೆ ಊರಿನಲ್ಲಿ ಓದುತ್ತಿದ್ದಳು. ಆ ನಗು ಅಮ್ಮನ ಕಿವಿಗೆ ಬಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ವರ್ಷಗಳು ಕಳೆದ ಮೇಲೆ ನಗರಸಭೆಯವರು ಮಾರುಕಟ್ಟೆಯ ಬಸ್ ಸ್ಟಾಪಿನ ಹತ್ತಿರ ಜನರ ಮನಸ್ಸು ಹಗುರಾಗುವಂಥದ್ದೇನಾದರೂ ನಿಲ್ಲಿಸಿಕೊಡಿ ಎಂದು ಗೀಚಿಯನ್ನು ಕೇಳಿದರು. ಅವಳು ಯೋಚನೆಗೆ ಕೂರಲೇ ಇಲ್ಲ. ಊರಾಚೆ ಶೆಡ್ಡೊಂದನ್ನು ಹಿಡಿದು, ಬಾಗಿಲು ಹಾಕಿಕೊಂಡು, ಊಟ ನಿದ್ದೆ ಮರೆತು ಕೆಲಸ ಮಾಡಿದಳು. ಅಮ್ಮನ ಮುಂದೆಯೂ ಬಾಯಿ ಬಿಡಲಿಲ್ಲ. ನೋಡಿ ಹಿಗ್ಗಲಿ ಎಂಬ ಆಸೆ.

ಪರದೆ ಸರಿಸಿದ ದಿನ ಅಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪರದೆಯ ಹಿಂದೆ ಇದ್ದದ್ದು ಒಂದು ನೀರಾನೆ. ಬೂದು ನೀಲಿ ಬಣ್ಣದ ಭಾರೀ ನೀರಾನೆ ಪುಟಾಣಿ ಸ್ಟೂಲಿನ ಮೇಲೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕತ್ತು ಬಾಗಿಸಿ, ಬೆರಳ ತುದಿಯಲ್ಲಿ ಹಿಡಿದ ಕೈಗಡಿಯಾರವನ್ನು ನೋಡುತ್ತಿತ್ತು. ಒಂದು ಕಾಲಿನ ಚಪ್ಪಲಿ ಅರ್ಧ ಕಳಚಿತ್ತು. ಹೊಟ್ಟೆಗೆ ಕಿವಿಯಿಟ್ಟರೆ ಒಳಗಿನಿಂದ ನೂರಾರು ಗಡಿಯಾರಗಳ ಟಿಕ್ ಟಿಕ್ ಕೇಳುತ್ತಿತ್ತು. ಮಕ್ಕಳು ನುಗ್ಗಿ ಬಂದು ಕಿವಿಯಿಟ್ಟು ಕೇಕೆ ಹಾಕಿದವು. ಅಷ್ಟರಲ್ಲಿ ಹಣ್ಣಿನಂಗಡಿಯ ಮುದುಕ ಎದ್ದು ನಿಂತು, “ಅಯ್ಯಯ್ಯೋ, ಇವನು ನಮ್ಮ ಗುಡಾಣ ಅಲ್ವೇನ್ರೋ!” ಎಂದು ಕೂಗಿದ. ಮಾರುಕಟ್ಟೆಗೆ ಮಾರುಕಟ್ಟೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗೀಚಿಯೂ ನಕ್ಕಳು. ನಗುತ್ತಲೇ ಅಮ್ಮನ ಕಡೆ ತಿರುಗಿದರೆ, ಕುರ್ಚಿ ಖಾಲಿಯಾಗಿತ್ತು.

ಮನೆಯಲ್ಲಿ ಅಮ್ಮ ತೊಳೆದಿಟ್ಟಿದ್ದ ತಟ್ಟೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

“ಯಾಕಮ್ಮ ಬಂದ್ಬಿಟ್ಟೆ? ಚೆನ್ನಾಗಿಲ್ವಾ?”

“ಊರಿಗೆ ಊರೇ ನಗ್ತಿದೆಯಲ್ಲ, ಚೆನ್ನಾಗೇ ಇರ್ಬೇಕು.”

“ಅಪ್ಪಾನೂ ನಗ್ತಿದ್ರು ಕಣಮ್ಮ. ಅವರಿಗೆ ನಗೋದಂದ್ರೆ ಇಷ್ಟ ಅಲ್ವಾ?”

ಅಮ್ಮ ನಲ್ಲಿ ನಿಲ್ಲಿಸಿದಳು. “ನಿಮ್ಮಪ್ಪ ಬಸ್ ಹತ್ತಿದ್ದು ನೀನು ಯಾವತ್ತಾದ್ರೂ ನೋಡಿದೀಯಾ? ಪಕ್ಕದಲ್ಲಿ ಕೂತವರು ಎದ್ದು ಹೋಗ್ತಾರೆ ಅಂತ ಎಷ್ಟು ದೂರ ಆದ್ರೂ ನಡ್ಕೊಂಡೇ ಹೋಗ್ತಿದ್ರು. ನಾಲ್ಕು ಜನರ ಎದುರು ಒಂದು ತುತ್ತು ತಿಂದವರಲ್ಲ. ನಿನ್ನ ಸ್ಕೂಲಿಗೆ ಒಂದಿನಾನೂ ಯಾಕೆ ಬರ್ಲಿಲ್ಲ, ಹೇಳು?”

“ಅಂಗಡಿ ಇತ್ತಲ್ಲಮ್ಮ...”

“ಅಂಗಡಿ ಮುಚ್ಚಿ ಬರ್ತಿದ್ರು. ಗೇಟಿನ ತನಕ ಬಂದು, ಮಕ್ಕಳು ನಿನ್ನನ್ನ ಗುಡಾಣದ ಮಗಳು ಅಂತ ಕರೆದುಬಿಟ್ರೆ ಅಂತ ಹೆದರಿ ವಾಪಸ್ ಹೋಗ್ತಿದ್ರು. ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗ್ತಿದ್ರು.”

“ಮತ್ತೆ ಆ ಮಕ್ಕಳ ಎದುರು ಹೊಟ್ಟೆ ಬಾರಿಸ್ಕೊಂಡು...”

“ಇನ್ನೇನು ಮಾಡ್ಬೇಕಿತ್ತು? ಹೊಡೀಬೇಕಿತ್ತಾ, ಅಳಬೇಕಿತ್ತಾ? ತಾವೇ ನಕ್ರೆ ಬೇಗ ಬಿಟ್ಟು ಹೋಗ್ತಾರೆ ಅಂತ ನಗ್ತಿದ್ರು. ನೀನೂ ಅಲ್ಲೇ ಕೂತಿರ್ತಿದ್ದೆ. ಆ ನೋವು ನಿನ್ನ ಕಣ್ಣಿಗೆ ಬೀಳಬಾರ್ದು ಅಂತ ಇನ್ನೂ ಜೋರಾಗಿ ನಗ್ತಿದ್ರು.”

ಅಮ್ಮ ಮತ್ತೆ ನಲ್ಲಿ ತಿರುಗಿಸಿದಳು.

ಗೀಚಿ ಮರುದಿನವೇ ನಗರಸಭೆಗೆ ಹೋಗಿ ಅದನ್ನು ತೆಗೆದುಬಿಡಿ ಎಂದಳು. ಅಧಿಕಾರಿ ಒಳ್ಳೆಯ ಮನುಷ್ಯ. ಎದ್ದು ಬಂದು ಕೈ ಕುಲುಕಿ, “ಕಲಾವಿದರಿಗೆ ತಾವು ಮಾಡಿದ್ದು ತಮಗೇ ಹಿಡಿಸೋದಿಲ್ಲ ಅಂತಾರೆ, ನಿಜ ನೋಡಿ! ಜನ ಹುಚ್ಚಾಗಿದಾರೆ ಮೇಡಂ. ಈಗ ಅದು ನಿಮ್ಮದಲ್ಲ, ಊರಿನದು” ಎಂದ. ಅವಳು ಕಾರಣ ಹೇಳಲು ಬಾಯಿ ತೆರೆದಳು. ಗೋಡೆ ಕಡೆ ಮುಖ ಮಾಡಿ ಮಲಗಿದ ಅಪ್ಪನನ್ನು ಆ ಆಫೀಸಿನ ಟೇಬಲ್ಲಿನ ಮೇಲೆ ಹೇಗೆ ತಂದಿಡುವುದು? ನಮಸ್ಕಾರ ಹೇಳಿ ಎದ್ದು ಬಂದಳು.

ನೋಡನೋಡುತ್ತಿದ್ದಂತೆ ಹೆಸರು ಊರ ಬಾಯಿಗೆ ಬಿತ್ತು. ಮೊದಲು ಆಟೋದವರು, ಆಮೇಲೆ ಕಂಡಕ್ಟರುಗಳು, ಕಡೆಗೆ ಅಂಗಡಿಗಳ ಬೋರ್ಡುಗಳು ಕೂಡ ಆ ಜಾಗವನ್ನು ಗುಡಾಣ ಸ್ಟಾಪು ಎನ್ನತೊಡಗಿದವು. ಅಪ್ಪನ ಜೊತೆಗೇ ಹೋಗಬೇಕಾಗಿದ್ದ ಹೆಸರನ್ನು ಮಗಳೇ ಊರಿಗೆ ಉಳಿಸಿಕೊಟ್ಟಂತಾಯಿತು.

ಕೊನೆಯ ದಾರಿಯೆಂದು ಅವಳು ಅಮ್ಮನನ್ನು ಕೇಳಿದಳು: “ಕೆಳಗೆ ಒಂದು ಕಲ್ಲು ಹಾಕಿಸಿ ಅಪ್ಪನ ನಿಜವಾದ ಹೆಸರು ಬರೆಸ್ತೀನಮ್ಮ. ಓದಿದವರಿಗಾದ್ರೂ ಗೊತ್ತಾಗ್ಲಿ.”

“ಬೇಡ” ಎಂದಳು ಅಮ್ಮ. “ಆ ಹೆಸರನ್ನ ಅಲ್ಲಿ ಇಡಬೇಡ. ಅದು ನನ್ನ ಹತ್ರ ಇರ್ಲಿ.”

ಅಂದಿನಿಂದ ಅಮ್ಮ ಮಾರುಕಟ್ಟೆಯ ದಾರಿಯನ್ನೇ ಬಿಟ್ಟಳು. ತರಕಾರಿಗೆ ಆಚೆ ಬೀದಿಯ ಅಂಗಡಿಗೆ ಹೋಗಬೇಕಾದರೂ ಕೆರೆಯ ಹಿಂದಿನಿಂದ ಸುತ್ತಿ, ಮಂಡಿನೋವಿನಲ್ಲೂ ಏದುಸಿರು ಬಿಡುತ್ತ ಹೋಗಿಬರುತ್ತಿದ್ದಳು. ಮಗಳ ಮೇಲೆ ರೇಗಲಿಲ್ಲ, ಮಾತು ಬಿಡಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಜ್ವರ ಬಂದರೆ ಹಣೆ ಮುಟ್ಟುತ್ತಿದ್ದಳು. ಆದರೆ ಅಪ್ಪನ ಸುದ್ದಿ ಮಾತ್ರ ಇಬ್ಬರ ನಡುವೆ ಮತ್ತೆ ಬರಲಿಲ್ಲ. ಗೀಚಿ ಶೆಡ್ಡನ್ನು ಬಿಟ್ಟುಕೊಟ್ಟಳು. ಬೇರೆ ಊರುಗಳಿಂದ ಅಂಥದ್ದೇ ಮಾಡಿಕೊಡಿ ಎಂದು ಕೇಳಿ ಬಂದವರಿಗೆ ಆಗುವುದಿಲ್ಲ ಎಂದಳು. ಶಾಲೆಯೊಂದರಲ್ಲಿ ಮಕ್ಕಳಿಗೆ ಚಿತ್ರ ಕಲಿಸತೊಡಗಿದಳು. ಅಲ್ಲಿ ಯಾವ ಮಗುವಾದರೂ ಇನ್ನೊಂದಕ್ಕೆ ಅಡ್ಡಹೆಸರಿಟ್ಟರೆ ಅವಳು ಪಾಠವನ್ನೇ ನಿಲ್ಲಿಸಿಬಿಡುವುದನ್ನು ಕಂಡು ಬೇರೆ ಟೀಚರುಗಳು, “ಇಷ್ಟಕ್ಕೆಲ್ಲ ಹೀಗಾ?” ಎಂದು ಬೆರಗಾಗುತ್ತಿದ್ದರು.

ಅಮ್ಮನ ಕಣ್ಣಿನ ಪೊರೆ ತೆಗೆಸಿದ ಮೇಲೆ, ಆಸ್ಪತ್ರೆಯಿಂದ ತಾಯಿ ಮಗಳು ಬಸ್ಸಿನಲ್ಲಿ ಬರುತ್ತಿದ್ದರು. ಕೆರೆಯ ಹತ್ತಿರ ರಸ್ತೆ ಅಗೆದಿದ್ದರಿಂದ ಡ್ರೈವರು ಮಾರುಕಟ್ಟೆಯ ಕಡೆಗೆ ತಿರುಗಿಸಿದ. “ಗುಡಾಣ, ಗುಡಾಣ! ಇಳಿಯೋರು ಬೇಗ ಬನ್ನಿ!” ಎಂದು ಕಂಡಕ್ಟರು ಕೂಗಿದ. ನೀರಾನೆ ಅಮ್ಮನ ಕಣ್ಣಿಗೆ ಬೀಳದಂತೆ ಗೀಚಿ ಕಿಟಕಿಗೆ ಅಡ್ಡವಾಗಿ ಮುಂದೆ ಬಾಗಿದಳು.

“ಸರಿ ಆಚೆ” ಎಂದಳು ಅಮ್ಮ.

ಬಸ್ಸು ನಿಂತಷ್ಟು ಹೊತ್ತೂ ಅಮ್ಮ ಕಿಟಕಿಯಿಂದ ನೋಡಿದಳು. ನೀರಾನೆಯ ಬಣ್ಣ ಅಲ್ಲಲ್ಲಿ ಎದ್ದಿತ್ತು. ಹುಡುಗಿಯೊಬ್ಬಳು ಅದರ ಹೊಟ್ಟೆಗೆ ಕಿವಿಯಿಟ್ಟಿದ್ದಳು.

“ಕತ್ತು ಅವರದ್ದೇ” ಎಂದಳು ಅಮ್ಮ.

ಅದು ಮೆಚ್ಚುಗೆಯೋ ದೂರೋ ಗೀಚಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಮುಂದಿನ ವಾರ ಮತ್ತೆ ಆಸ್ಪತ್ರೆಗೆ ಹೋಗುವಾಗ ರಸ್ತೆ ಸರಿಹೋಗಿತ್ತು. ಅಮ್ಮ ಕೆರೆಯ ಕಡೆಯ ಬಸ್ಸಿಗೇ ಕಾದು ಹತ್ತಿದಳು. ಗೀಚಿ ಹಿಂದೆಯೇ ಹತ್ತಿ, ಅವಳ ಪಕ್ಕದಲ್ಲಿ ಕೂತಳು.